‘ಇಮೇಜ್ ತೆಗಿ’ ಅಂದರೆ ಏಜೆಂಟ್ ಏನು ಮಾಡಬೇಕು?

ನಮ್ಮ ವಿಜಯಪುರದ ಕಡೆ ‘ತೆಗಿ’ ಅನ್ನುವ ಮಾತಿಗೆ ಕೈತುಂಬ ಕೆಲಸ. ಬಾಗಿಲು ತೆಗಿ ಅಂದರೆ ತೆರೆ. ಫೋಟೋ ತೆಗಿ ಅಂದರೆ ಹೊಡೆ. ಕಸ ತೆಗಿ ಅಂದರೆ ಎತ್ತಿ ಹಾಕು. ಯಾರಿಗೂ ಗೊಂದಲ ಆಗುವುದಿಲ್ಲ. ಗೊಂದಲ ಆಗಿದ್ದು ನಾನು ನೋಡಿಕೊಳ್ಳುವ ಕಾಲೇಜು ಲ್ಯಾಬಿನಲ್ಲಿ.

ಲ್ಯಾಬಿನಲ್ಲಿ 60 ಕಂಪ್ಯೂಟರ್ ಇವೆ. ಒಂದಕ್ಕೆ ಓಎಸ್, ಡ್ರೈವರ್, ಕಂಪೈಲರ್ ಎಲ್ಲ ಹಾಕಿ, ಆ ಡಿಸ್ಕನ್ನು ಇದ್ದ ಹಾಗೇ ಫೈಲ್ ಮಾಡಿ ಇಟ್ಟುಕೊಳ್ಳುತ್ತೇವೆ. ಅದೇ ಸಿಸ್ಟಂ ಇಮೇಜ್. ಉಳಿದ 59ಕ್ಕೆ ಅದನ್ನೇ ಇಳಿಸುತ್ತೇವೆ. ಈ ಕೆಲಸಕ್ಕೆ ಒಂದು ಎಐ ಏಜೆಂಟ್ ಕಟ್ಟಿದ್ದೆ. ನಾವು ಮಾತಿನಲ್ಲಿ ಹೇಳಿದ್ದನ್ನು ಅರ್ಥ ಮಾಡಿಕೊಂಡು, ತನಗೆ ಕೊಟ್ಟ ಟೂಲ್‌ಗಳಲ್ಲಿ, ಅಂದರೆ ಸಣ್ಣ ಪ್ರೋಗ್ರಾಂಗಳಲ್ಲಿ, ಬೇಕಾದ್ದನ್ನು ತಾನೇ ಆರಿಸಿ ಓಡಿಸುವಂಥದ್ದು. ಅದಕ್ಕೆ ಕೊಟ್ಟ ಒಂದು ಟೂಲಿನ ವಿವರಣೆಯಲ್ಲಿ ‘ಇಮೇಜ್ ತೆಗೆಯುತ್ತದೆ’ ಅಂತ ಬರೆದು ಸುಮ್ನೆ ಬಿಟ್ಟಿದ್ದೆ. ಪ್ರಾಕ್ಟಿಕಲ್ ಪರೀಕ್ಷೆಗೆ ಎರಡು ದಿನ ಇರುವಾಗ ಸಹಾಯಕ ಹುಡುಗ ‘ಎರಡನೇ ಲ್ಯಾಬಿನ ಇಮೇಜ್ ತೆಗಿ’ ಎಂದು ಟೈಪ್ ಮಾಡಿದ. ಅವನಿಗೆ ಬೇಕಿದ್ದದ್ದು ಹೊಸ ಇಮೇಜ್. ಟೂಲಿನೊಳಗಿನ ಕೋಡ್ ಮಾತ್ರ ಅಳಿಸುವ ಕೋಡ್. 38 ಜಿಬಿ ಫೈಲ್ ಹೋಯಿತು. ರಾತ್ರಿ ಹನ್ನೊಂದರವರೆಗೆ ಕೂತು ಮತ್ತೆ ಕಟ್ಟಿದೆವು.

ತಪ್ಪು ನನ್ನದೇ. ಏಜೆಂಟ್‌ ಒಳಗಿನ ಮಾಡೆಲ್‌ಗೆ ಸಾಮಾನ್ಯವಾಗಿ ಟೂಲಿನ ಕೋಡ್ ಕಾಣುವುದಿಲ್ಲ. ಕಾಣುವುದು ಮೂರೇ: ಹೆಸರು, ವಿವರಣೆ, ಏನೇನು ಮಾಹಿತಿ ಕೊಡಬೇಕು ಅನ್ನುವ ಪಟ್ಟಿ. 2024ರ ನವೆಂಬರ್‌ನಲ್ಲಿ ಬಂದ, ಏಜೆಂಟ್‌ಗೆ ಟೂಲ್ ಜೋಡಿಸುವ ಎಂಸಿಪಿ ಪದ್ಧತಿಯಲ್ಲೂ ಹೀಗೇ. ಬೆಳಗಾವಿಗೆ ಹೊರಟವನಿಗೆ ‘ಬರುವಾಗ ಸಿಹಿ ತಾ’ ಅಂದರೆ ಸಾಕು, ಕುಂದಾ ಬರುತ್ತದೆ. ನಿಮ್ಮ ಲ್ಯಾಬಿನ ವಾಡಿಕೆ ಏಜೆಂಟ್‌ಗೆ ಹಾಗೆ ಗೊತ್ತಿರುವುದಿಲ್ಲ.

ಮೊದಲು ಹೆಸರು. ಒಂದು ಟೂಲಿಗೆ ಒಂದೇ ಕೆಲಸ ಇರಲಿ, ಆ ಕೆಲಸ ಹೆಸರಲ್ಲೇ ಕಾಣಲಿ. ‘ತೆಗಿ’ಯನ್ನು ನಾನು ಮೂರು ಮಾಡಿದೆ: ಹೊಸದು ಮಾಡಲು ಕ್ಯಾಪ್ಚರ್_ಇಮೇಜ್, ತೆರೆದು ಒಳಗಿನ ಫೈಲ್ ನೋಡಲು ಮೌಂಟ್_ಇಮೇಜ್, ಅಳಿಸಲು ಡಿಲೀಟ್_ಇಮೇಜ್. ಹೆಸರಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಬಳಸುವುದೇ ರೂಢಿ. ವಿವರಣೆ ಕನ್ನಡದಲ್ಲೂ ನಡೆಯುತ್ತದೆ.

ಆಮೇಲೆ ವಿವರಣೆ. ಜಾಸ್ತಿ ಹೊತ್ತು ಕೂರಬೇಕಾದದ್ದು ಇಲ್ಲೇ. ಅಳಿಸುವ ಟೂಲಿಗೆ ಈಗ ಹೀಗಿದೆ:

“ಸಂಗ್ರಹದಲ್ಲಿರುವ ಒಂದು ಡಿಸ್ಕ್ ಇಮೇಜ್ ಫೈಲನ್ನು ಅಳಿಸುತ್ತದೆ. ಅಳಿಸಿದ್ದು ಮರಳಿ ಸಿಗುವುದಿಲ್ಲ. ಇಮೇಜಿನ ಪೂರ್ತಿ ಹೆಸರು ಹೇಳಿ ಅಳಿಸಲು ಕೇಳಿದಾಗ ಮಾತ್ರ ಬಳಸಿ. ಹೊಸ ಇಮೇಜ್ ಮಾಡಲು ಕ್ಯಾಪ್ಚರ್_ಇಮೇಜ್ ಬಳಸಿ. ಜಾಗ ಸಾಲದೆ ಹೋದರೆ ನೀವಾಗಿ ಅಳಿಸಬೇಡಿ, ಹಳೆಯ ಇಮೇಜ್‌ಗಳ ಪಟ್ಟಿ ತೋರಿಸಿ ಕೇಳಿ. ‘ಇಮೇಜ್ ತೆಗಿ’ ಎಂದಷ್ಟೇ ಹೇಳಿದರೆ ಮಾಡಬೇಕೋ ಅಳಿಸಬೇಕೋ ಎಂದು ಕೇಳಿ.”

ಜಾಗದ ಮಾತು ಯಾಕೆ ಬಂತು ಅಂತೀರಾ? ‘ಡಿಸ್ಕ್ ತುಂಬಿದೆ’ ಅನ್ನುವ ಎರರ್ ಕಂಡರೆ ಏಜೆಂಟ್ ದಾರಿ ಹುಡುಕುತ್ತದೆ. ಕೈಯಲ್ಲಿ ಅಳಿಸುವ ಟೂಲ್ ಇದ್ದರೆ ಅದೇ ದಾರಿಯಾಗಬಹುದು. ಯಾವಾಗ ಬಳಸಬಾರದು ಅನ್ನುವ ಸಾಲನ್ನು ಬಹಳ ಜನ ಬರೆಯುವುದೇ ಇಲ್ಲ. ನನ್ನ ಮಟ್ಟಿಗೆ ಅದೇ ಮುಖ್ಯ ಸಾಲು.

ಕೊಡಬೇಕಾದ ಮಾಹಿತಿಯಲ್ಲಿ ‘ಡಿಸ್ಕ್’ ಅಂತ ಮಾತ್ರ ಬರೆಯಬೇಡಿ. ಓದುವ ಡಿಸ್ಕೋ, ಬರೆಯುವ ಡಿಸ್ಕೋ? ಡಿಸ್ಕನ್ನು ಇದ್ದ ಹಾಗೇ ನಕಲು ಮಾಡುವ ಲಿನಕ್ಸ್‌ನ ‘ಡಿಡಿ’ ಕಮಾಂಡ್‌ನಲ್ಲಿ ಇವೆರಡು ಅದಲುಬದಲಾದರೆ ಒಳ್ಳೆಯ ಡಿಸ್ಕೇ ಅಳಿಸಿಹೋಗುತ್ತದೆ. ಲಿನಕ್ಸ್ ಡಿಸ್ಕುಗಳಿಗೆ ಕೊಡುವ ‘ಎಸ್‌ಡಿಎ’, ‘ಎಸ್‌ಡಿಬಿ’ ಅನ್ನುವ ಹೆಸರುಗಳು ರೀಬೂಟ್ ಆದಾಗ ಬದಲಾಗಬಹುದು, ಅದಕ್ಕೇ ಸೀರಿಯಲ್ ನಂಬರ್ ಕೇಳಿ. ಕಂಟೇನರ್ ಇಮೇಜ್ (ಇಡೀ ಡಿಸ್ಕಿನದಲ್ಲ, ಒಂದು ಸಾಫ್ಟ್‌ವೇರ್ ಓಡಲು ಬೇಕಾದದ್ದರ ಗಂಟು) ಆದರೆ ‘ಲೇಟೆಸ್ಟ್’ ಟ್ಯಾಗ್ ನಂಬಬೇಡಿ. ಅದು ಬರೀ ಹೆಸರು, ಎಲ್ಲಕ್ಕಿಂತ ಹೊಸದು ಅಂತ ಗ್ಯಾರಂಟಿ ಇಲ್ಲ. ಇಮೇಜಿನ ಒಳಗಿರುವುದರಿಂದಲೇ ಲೆಕ್ಕ ಹಾಕಿದ ಗುರುತು, ಅಂದರೆ ಡೈಜೆಸ್ಟ್, ಕೇಳುವುದು ಮೇಲು.

ಟೂಲ್ ಏನು ಉತ್ತರ ಕೊಡುತ್ತದೆ ಅನ್ನುವುದನ್ನೂ ಬರೆಯಿರಿ. ಡಿಸ್ಕ್ ಇಮೇಜ್ ಮಾಡಿ ಇಳಿಸುವ ಕ್ಲೋನ್‌ಜಿಲ್ಲಾ ಸಾಫ್ಟ್‌ವೇರಿನಲ್ಲಿ ಸಾಮಾನ್ಯವಾಗಿ ಮೂಲ ಡಿಸ್ಕಿನಷ್ಟೇ ಅಥವಾ ಅದಕ್ಕಿಂತ ದೊಡ್ಡ ಡಿಸ್ಕಿಗೆ ಮಾತ್ರ ಇಮೇಜ್ ಇಳಿಯುತ್ತದೆ. 256 ಜಿಬಿಯದನ್ನು 240 ಜಿಬಿಗೆ ಇಳಿಸಹೋದಾಗ ‘ಎರರ್ 1’ ಅಂತ ಬಂದರೆ ಏಜೆಂಟ್ ಮತ್ತೆ ಮತ್ತೆ ಅದನ್ನೇ ಮಾಡಬಹುದು. ‘ಡಿಸ್ಕ್ ಚಿಕ್ಕದು: ಬೇಕು 256, ಇದೆ 240. ಮತ್ತೆ ಪ್ರಯತ್ನಿಸಬೇಡಿ’ ಅಂದರೆ ನಿಲ್ಲುತ್ತದೆ. ಇಳಿಸಲು ಇಪ್ಪತ್ತು ನಿಮಿಷ ಹಿಡಿಯುವುದಾದರೆ ಅದನ್ನೂ ಹೇಳಿ, ಒಂದು ಕೆಲಸದ ನಂಬರ್ ಕೊಡಿ. ಇಲ್ಲದಿದ್ದರೆ ಕೆಲಸ ಕೆಟ್ಟಿತು ಅಂದುಕೊಂಡು ಅದೇ ಡಿಸ್ಕಿಗೆ ಎರಡನೇ ಸಲ ಬರೆಯಲು ಶುರು ಮಾಡಬಹುದು.

ಇಷ್ಟಾದರೂ ವಿವರಣೆ ಬೀಗವಲ್ಲ. ಎಂಸಿಪಿಯಲ್ಲಿ ‘ಡಿಸ್ಟ್ರಕ್ಟಿವ್ ಹಿಂಟ್’ ಅಂತ ಗುರುತು ಹಾಕಬಹುದು, ಆದರೆ ಹೆಸರೇ ಹೇಳುವಂತೆ ಅದು ಸುಳಿವು ಮಾತ್ರ. ಅಳಿಸುವ ಮುಂಚೆ ಮನುಷ್ಯರ ಒಪ್ಪಿಗೆ ಕೇಳುವುದನ್ನು ಕೋಡಿನಲ್ಲೇ ಹಾಕಿ.

ಕೊನೆಗೆ ಪರೀಕ್ಷೆ. ಪುಸ್ತಕದ ಭಾಷೆಯಲ್ಲಿ ಕೇಳಿ ನೋಡಿದರೆ ಎಲ್ಲವೂ ಸರಿ ಕಾಣುತ್ತದೆ. ಲ್ಯಾಬಿನಲ್ಲಿ ಹಾಗೆ ಯಾರು ಮಾತಾಡುತ್ತಾರೆ, ಅಲ್ವಾ? ‘ಸರ, ನಾಕನೇ ಸಾಲಿನ್ವು ಮೊದಲಿನಂಗ ಮಾಡ್ರಿ’, ‘ಆ ಹಳೇದು ಬ್ಯಾಡ, ಹೊಸಾದು ಹಾಕ್ರಿ’ ಎಂಬಂಥ ಹತ್ತು ಮಾತು ಬರೆದಿಟ್ಟುಕೊಂಡು, ಬೇಡವಾದ ಒಂದು ಮಷಿನ್ ಮೇಲೆ ಓಡಿಸಿ. ಯಾವ ಟೂಲ್ ಆರಿಸಿತು, ಯಾವುದನ್ನು ಕೇಳದೆ ಊಹಿಸಿತು ನೋಡಿ. ನನ್ನ ಹತ್ತರಲ್ಲಿ ಮೊದಲ ಸಲ ನಾಲ್ಕು ತಪ್ಪಿದವು. ಮೂರಕ್ಕೆ ವಿವರಣೆಯಲ್ಲಿ ಒಂದೊಂದು ಸಾಲು ಸೇರಿಸಿದೆ. ನಾಲ್ಕನೆಯದಕ್ಕೆ ಟೂಲನ್ನೇ ಒಡೆದು ಎರಡು ಮಾಡಬೇಕಾಯಿತು.