ಓಡದ ಕಾರಿನ ಟೈಮಿಂಗ್ ಬೆಲ್ಟ್

ಭಾವ ಇರುವುದು ದುಬೈಯಲ್ಲಿ, ಅವರ ಆಲ್ಟೋ ಇರುವುದು ಬದಿಯಡ್ಕದ ನಮ್ಮ ಮನೆಯ ಶೆಡ್ಡಿನಲ್ಲಿ. ರಜೆಯಲ್ಲಿ ಬಂದಾಗ ಒಂದು ತಿಂಗಳು ಓಡಿಸುತ್ತಾರೆ. ಉಳಿದ ಹನ್ನೊಂದು ತಿಂಗಳು ಅದರ ಮೇಲೆ ಅಡಿಕೆಯ ಖಾಲಿ ಗೋಣಿ ಹರಡಿರುತ್ತದೆ. ಕಾಸರಗೋಡಿನ ಕಡೆ ಇಂಥ ಗಲ್ಫ್ ಕಾರುಗಳಿಗೆ ಬರವಿಲ್ಲ. 2009ರ ಮಾಡೆಲ್, ಮೀಟರಿನಲ್ಲಿ ಬರೀ 31 ಸಾವಿರ ಕಿಲೋಮೀಟರ್.

ಅಮ್ಮನನ್ನು ತಿಂಗಳಿಗೊಮ್ಮೆ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿ ಬಂದಾಗ "ಹೇಗೂ ಸುಮ್ನೆ ನಿಂತಿದೆ, ನೀನೇ ಓಡಿಸು" ಎಂದರು ಭಾವ. ಮೊದಲ ದಿನವೇ ಸ್ಟಾರ್ಟ್ ಮಾಡಿದ ಕೂಡಲೇ ಕೀಂಯ್ ಎಂಬ ಶಬ್ದ. "ಟೈಮಿಂಗ್ ಬೆಲ್ಟ್ ಹೋಗಿದೆ ಮಾರಾಯ" ಎಂದು ಪಕ್ಕದ ಮನೆಯವರು ತೀರ್ಪು ಕೊಟ್ಟರು.

ಅವರ ಲೆಕ್ಕ ತಪ್ಪು. ಹಾಗೆ ಕಿರುಚುವುದು ಹೊರಗೆ ಕಾಣುವ ಫ್ಯಾನ್ ಬೆಲ್ಟ್. ಅದು ಸಡಿಲವಾದರೆ ಪುಲ್ಲಿಯ ಮೇಲೆ ಜಾರುತ್ತದೆ, ಬಿಗಿ ಮಾಡಿದರೆ ಮುಗಿಯಿತು. ಟೈಮಿಂಗ್ ಬೆಲ್ಟ್ ಇರುವುದು ಕವರಿನ ಒಳಗೆ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ದಂಡವನ್ನು ವಾಲ್ವ್ ತೆರೆಯುವ ಕ್ಯಾಮ್ ದಂಡಕ್ಕೆ ಜೋಡಿಸುವುದು ಅದೇ. ಅದಕ್ಕೆ ಹಲ್ಲುಗಳಿರುತ್ತವೆ, ಹಾಗೆ ಜಾರುವುದಿಲ್ಲ. ಹೆಚ್ಚಿನ ಸಲ ಏನೂ ಸೂಚನೆ ಕೊಡದೆ ಒಂದು ದಿನ ಕಡಿದುಹೋಗುತ್ತದೆ. ಆಮೇಲೆ ಎಷ್ಟು ಸೆಲ್ಫ್ ಹೊಡೆದರೂ ಇಂಜಿನ್ ಹಗುರವಾಗಿ ಸುಮ್ನೆ ತಿರುಗುತ್ತದೆ ಅಷ್ಟೇ. ಕೆಲವು ಇಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆದು ವಾಲ್ವ್ ಬೆಂಡ್ ಆಗುತ್ತದೆ. ವಾಲ್ವ್‌ಗಳಿರುವ ಇಂಜಿನ್ ಹೆಡ್ ಬಿಚ್ಚಿಸುವ ಖರ್ಚು ಗೊತ್ತಲ್ವಾ?

ಆದರೂ ಅವರ ಮಾತು ತಲೆಯಲ್ಲಿ ಕೂತಿತು. ಸಂಜೆ ಹತ್ತನೇ ನಂಬರ್ ಸ್ಪ್ಯಾನರ್ ಹಿಡಿದು ಬೆಲ್ಟಿನ ಮೇಲಿನ ಕವರ್ ಬಿಚ್ಚಿದೆ. ಟಾರ್ಚ್ ಬಿಟ್ಟು, ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ನಿಧಾನಕ್ಕೆ ತಿರುಗಿಸುತ್ತಾ ಬೆಲ್ಟಿನ ಪೂರ್ತಿ ಉದ್ದ ನೋಡಿದೆ. ಒಂದೇ ಕಡೆ ನೋಡಿ "ಚೆನ್ನಾಗಿದೆ" ಎಂದರೆ ಅದು ನೋಡಿದ ಹಾಗೆ ಆಗುವುದಿಲ್ಲ. ಬೆನ್ನು ಗಾಜಿನ ಹಾಗೆ ಹೊಳೆಯುತ್ತಿತ್ತು. ಹಲ್ಲುಗಳ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು, ಅದೂ ಒಂದೆರಡು ಕಡೆ ಅಲ್ಲ. ಒಂದು ಅಂಚಿನಲ್ಲಿ ಎಣ್ಣೆಯ ಪಸೆ. ನನಗೆ ಹೆದರಿಕೆಯಾದದ್ದು ಆ ಎಣ್ಣೆ ನೋಡಿ. ಎಣ್ಣೆ ಹೊರಗೆ ಬಾರದಂತೆ ತಡೆಯುವ ಕ್ಯಾಮ್ ಆಯಿಲ್ ಸೀಲ್ ಗಟ್ಟಿಯಾಗಿ ಒಸರುತ್ತಿತ್ತು. ಎಣ್ಣೆ ತಾಗಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಪೇಟೆಯ ಒಬ್ಬ ಮೆಕ್ಯಾನಿಕ್‌ಗೆ ಹೇಳಿದರೆ "31 ಸಾವಿರಕ್ಕೆಲ್ಲ ಯಾರು ಬದಲಿಸುತ್ತಾರೆ?" ಎಂದು ನಕ್ಕ. ಕಿಲೋಮೀಟರ್ ನೋಡಿದರೆ ಅವನದು ಸರಿ. ಹೆಚ್ಚಿನ ಕಾರುಗಳಿಗೆ 60 ಸಾವಿರದಿಂದ 1 ಲಕ್ಷದ ಒಳಗೆ ಲೆಕ್ಕ ಹೇಳುತ್ತಾರೆ. ಆದರೆ ರಬ್ಬರಿಗೆ ವಯಸ್ಸೂ ಆಗುತ್ತದೆ. ನಾಲ್ಕೈದು ವರ್ಷವಾದ ಮೇಲೆ ನಾನು ಮೀಟರ್ ನಂಬುವುದಿಲ್ಲ. ಇದಕ್ಕೆ ಆಗಲೇ ಹದಿನಾಲ್ಕು ವರ್ಷವಾಗಿತ್ತು!

ಕಾಸರಗೋಡಿನ ಅಂಗಡಿಯಿಂದ ಬೆಲ್ಟ್, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಬೇರಿಂಗ್, ಕ್ಯಾಮ್ ಮತ್ತು ಕ್ರ್ಯಾಂಕ್ ಸೀಲ್ ಎಲ್ಲ ಒಟ್ಟಿಗೆ ತಂದೆ. ಬೆಲ್ಟ್ ಮಾತ್ರ ಹೊಸದು ಹಾಕಿ ಹಳೇ ಬೇರಿಂಗ್ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಅಂಗಡಿಯಲ್ಲಿ 796 ಸಿಸಿ ಎಂದು ಸರಿಯಾಗಿ ಹೇಳಬೇಕು. ಆಲ್ಟೋ ಕೆ10ನಲ್ಲಿ ಬೆಲ್ಟೇ ಇಲ್ಲ, ಚೈನ್.

ಬ್ಯಾಟರಿಯ ನೆಗೆಟಿವ್ ತೆಗೆದು, ಕಾರನ್ನು ಜ್ಯಾಕಿಯಲ್ಲಿ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟೆ. ಸ್ಪಾರ್ಕ್ ಪ್ಲಗ್ ಮೂರನ್ನೂ ಬಿಚ್ಚಿದೆ. ಕಂಪ್ರೆಷನ್ ಇಲ್ಲದಿದ್ದರೆ ಇಂಜಿನ್ ಕೈಯಲ್ಲಿ ಸಲೀಸಾಗಿ ತಿರುಗುತ್ತದೆ. ಫ್ಯಾನ್ ಬೆಲ್ಟ್, ಪುಲ್ಲಿ, ಕೆಳಗಿನ ಕವರ್ ತೆಗೆಯಲು ಅರ್ಧ ದಿನ ಹೋಯಿತು. ಕ್ರ್ಯಾಂಕ್ ಬೋಲ್ಟ್ ಒಂದೇ ಒಂದೂವರೆ ಗಂಟೆ ತಿಂದಿತು.

ಮುಖ್ಯ ಕೆಲಸ ಇಲ್ಲಿಂದ. ಕ್ಯಾಮ್ ಪುಲ್ಲಿಯ ಗುರುತು ಮತ್ತು ಕ್ರ್ಯಾಂಕಿನ ಹಲ್ಲಿನ ಪುಲ್ಲಿಯ ಗುರುತು, ಎರಡೂ ಇಂಜಿನ್ ಮೇಲೆ ಅದರದರ ಎದುರಿಗಿರುವ ಗುರುತಿಗೆ ನೇರ ಬರಬೇಕು. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಹಾಗಾಗಿ ಕ್ರ್ಯಾಂಕ್ ಗುರುತು ಸರಿಯಿದ್ದೂ ಕ್ಯಾಮ್ ಅರ್ಧ ಸುತ್ತು ಆಚೆ ಇರಬಹುದು. ಎರಡನ್ನೂ ಹೊಂದಿಸಿ, ಬಿಳಿ ಪೇಂಟಿನ ಚುಕ್ಕಿ ಇಟ್ಟು, ಮೊಬೈಲಿನಲ್ಲಿ ಫೋಟೋ ತೆಗೆದು ಹಳೇ ಬೆಲ್ಟ್ ಕಳಚಿದೆ. ಸೀಲ್ ಬದಲಿಸಿ, ಎಣ್ಣೆ ಒರೆಸಿ ಹೊಸದು ಹಾಕಿದೆ. ಹೊಸ ಬೆಲ್ಟನ್ನು ಮಡಚಬಾರದು, ಸ್ಕ್ರೂಡ್ರೈವರಿನಲ್ಲಿ ಮೀಟಿ ಕೂರಿಸಲೂಬಾರದು. ಒಳಗಿನ ಎಳೆ ಮುರಿಯುತ್ತದೆ.

ಟೆನ್ಷನರ್ ಸಡಿಲ ಇಟ್ಟು, ಸ್ಪ್ರಿಂಗ್ ತಾನೇ ಎಳೆಯಲು ಬಿಟ್ಟು, ಕ್ರ್ಯಾಂಕನ್ನು ಇಂಜಿನ್ ತಿರುಗುವ ದಿಕ್ಕಿಗೆ ಎರಡು ಸುತ್ತು ತಿರುಗಿಸಿದೆ. ನೋಡಿದರೆ ಕ್ಯಾಮ್ ಗುರುತು ಒಂದು ಹಲ್ಲು ಆಚೆ! ಬೆಲ್ಟ್ ಕೂರಿಸುವಾಗ ಟೆನ್ಷನರ್ ಇಲ್ಲದ ಬದಿಯನ್ನು ಬಿಗಿಯಾಗಿ ಹಿಡಿಯಬೇಕಿತ್ತು, ನಾನು ಅಲ್ಲೇ ಸಡಿಲ ಬಿಟ್ಟಿದ್ದೆ. ಒಂದು ಹಲ್ಲಲ್ವಾ ಎಂದು ಬಿಟ್ಟಿದ್ದರೆ ಗಾಡಿ ಸ್ಟಾರ್ಟ್ ಆಗುತ್ತಿತ್ತೇನೋ. ಆದರೆ ಪೆಟ್ರೋಲ್ ಕುಡಿದು, ಏರಿನಲ್ಲಿ ಎಳೆಯದೆ ಸತಾಯಿಸುತ್ತಿತ್ತು. ಪುನಃ ಬಿಚ್ಚಿದೆ. ಎರಡನೇ ಸಲ ಗುರುತು ಸರಿಯಾಗಿ ಬಂತು. ಟೆನ್ಷನರ್ ಬಿಗಿ ಮಾಡಿ, ಇನ್ನೂ ಎರಡು ಸುತ್ತು ತಿರುಗಿಸಿ ನೋಡಿ, ಆಮೇಲೆ ಕವರ್ ಮುಚ್ಚಿದೆ. ಕ್ರ್ಯಾಂಕ್ ಬೋಲ್ಟ್ ಬಿಗಿ ಮಾಡಲು ಬಿಗಿಯ ಅಳತೆ ತೋರಿಸುವ ಟಾರ್ಕ್ ರೆಂಚನ್ನು ಗೆಳೆಯನಿಂದ ತಂದಿದ್ದೆ.

ರಾತ್ರಿ ಎಂಟಕ್ಕೆ ಕೀ ತಿರುಗಿಸಿದೆ. ಅರ್ಧ ಸೆಲ್ಫಿಗೆ ಸ್ಟಾರ್ಟ್. ಕೀಂಯ್ ಇಲ್ಲ, ಫ್ಯಾನ್ ಬೆಲ್ಟನ್ನೂ ಬಿಗಿ ಮಾಡಿದ್ದೆನಲ್ಲ. ಹಳೇ ಬೆಲ್ಟನ್ನು ಉಲ್ಟಾ ಬಗ್ಗಿಸಿ, ಬಿರುಕು ಬಾಯಿ ಬಿಟ್ಟದ್ದರ ಫೋಟೋ ಭಾವನಿಗೆ ಕಳಿಸಿದೆ. "31 ಸಾವಿರಕ್ಕೇ ಹೀಗಾ?" ಎಂದು ಅವರೂ ಅದನ್ನೇ ಕೇಳಿದರು. ನಾನು ಕವರಿನ ಮೇಲೆ ಪೇಂಟಿನಲ್ಲಿ ತಿಂಗಳು, ವರ್ಷ ಬರೆದು ಅದರ ಫೋಟೋವನ್ನೂ ಕಳಿಸಿದೆ. ಕಿಲೋಮೀಟರ್ ಬರೆಯಲಿಲ್ಲ.