ಕಪಾಟಿನ ಕೆಳಗೆ ಹೋದ ಕಾಗದದ ಉಂಡೆ

ನಮ್ಮ ಬೆಕ್ಕು ಚುಕ್ಕಿಗೆ ನಾಲ್ಕು ವರ್ಷ. ಕಾಗದವನ್ನು ಮುದುಡಿ ಎಸೆದರೆ ಓಡಿಹೋಗಿ ಬಾಯಲ್ಲಿ ಕಚ್ಚಿ ತಂದು ನನ್ನ ಕಾಲ ಬಳಿ ಹಾಕುತ್ತಾಳೆ. ಹತ್ತು ಸಲ, ಇಪ್ಪತ್ತು ಸಲ. ನಾನು ಕಲಿಸಿದ್ದಲ್ಲ. ಹೀಗೆ ತಂದುಕೊಡುವ 1,154 ಬೆಕ್ಕುಗಳ ಬಗ್ಗೆ 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿಯೂ ಶೇ 94ಕ್ಕಿಂತ ಹೆಚ್ಚಿನವಕ್ಕೆ ಯಾರೂ ತರಬೇತಿ ಕೊಟ್ಟಿರಲಿಲ್ಲ.

ಮೊದಮೊದಲು ನನಗೆ ಆತಂಕವಾಗಿತ್ತು. ಆಗಷ್ಟೇ ಆಡಿದ್ದನ್ನು ಮರೆತು ಮತ್ತೆ ಆಡುತ್ತಿದ್ದಾಳೆಯೇ ಎಂಬ ಅನುಮಾನ. ಅದು ಹೋದದ್ದು ಒಂದು ಬೆಳಿಗ್ಗೆ. ಹಿಂದಿನ ರಾತ್ರಿ ಉಂಡೆ ಕಪಾಟಿನ ಕೆಳಗೆ ಉರುಳಿತ್ತು. ಅವಳು ಮಲಗಿದ ಮೇಲೆ ಅದನ್ನು ತೆಗೆದು ಮೇಜಿನ ಡ್ರಾಯರಿಗೆ ಹಾಕಿದ್ದೆ. ಬೆಳಿಗ್ಗೆ ನೋಡಿದರೆ ಚುಕ್ಕಿ ಕೆನ್ನೆಯನ್ನು ನೆಲಕ್ಕೆ ಒತ್ತಿ, ಮುಂಗಾಲನ್ನು ಭುಜದವರೆಗೂ ಕಪಾಟಿನಡಿ ತೂರಿಸಿ ತಡಕಾಡುತ್ತಿದ್ದಳು. ವಾಸನೆ ಉಳಿದಿರಬಹುದೆಂದು ನೆಲ ಒರೆಸಿದೆ. ಮರುದಿನವೂ ಅದೇ ಮೂಲೆ, ಅದೇ ತಡಕಾಟ.

ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದವರ ಪ್ರಯೋಗವೊಂದನ್ನು ಆಮೇಲೆ ಓದಿದೆ. ನಾಲ್ಕು ಬಟ್ಟಲುಗಳಲ್ಲಿ ಆಹಾರವಿಟ್ಟು ಬೆಕ್ಕಿಗೆ ಎರಡರಲ್ಲಿ ಮಾತ್ರ ತಿನ್ನಲು ಬಿಟ್ಟರು. 15 ನಿಮಿಷದ ನಂತರ ಅದೇ ಜಾಗಗಳಲ್ಲಿ ಖಾಲಿ ಬಟ್ಟಲುಗಳನ್ನಿಟ್ಟಾಗ, ಬೆಕ್ಕುಗಳು ತಿನ್ನದೆ ಬಿಟ್ಟಿದ್ದ ಜಾಗದಲ್ಲೇ ಹೆಚ್ಚು ಹೊತ್ತು ಹುಡುಕಿದವು. ಮುಗಿಯದೆ ಉಳಿದದ್ದು ಎಲ್ಲಿದೆ ಎಂಬುದು ಅವುಗಳಿಗೆ ನೆನಪಿರುತ್ತದೆ. ಚುಕ್ಕಿಗೂ ಆ ಉಂಡೆ ಮುಗಿಯದ ಬೇಟೆಯೇ ಆಗಿತ್ತು.

ಹಾಗಾದರೆ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಚೆಂಡು ಎರಡೇ ದಿನಕ್ಕೆ ಬೇಸರವಾದದ್ದೇಕೆ? ಇಲ್ಲಿ ನನಗೆ ದಾರಿ ತೋರಿಸಿದ್ದು ಬ್ರಿಟನ್ನಿನ ಸಾರಾ ಹಾಲ್ ಮತ್ತು ಜಾನ್ ಬ್ರಾಡ್‌ಶಾ ಅವರ ಅಧ್ಯಯನ. ಒಂದೇ ಆಟಿಕೆಯನ್ನು ಮತ್ತೆ ಮತ್ತೆ ಕೊಟ್ಟಾಗ ಕುಗ್ಗಿದ ಉತ್ಸಾಹ, ಬೇರೆ ಆಟಿಕೆ ಕೊಟ್ಟೊಡನೆ ಮರಳಿ ಬಂದಿತ್ತು. ಬೇಸರ ಬರುವುದು ವಸ್ತುವಿನ ಮೇಲೆ, ಆಟದ ಮೇಲಲ್ಲ. ನಿಜವಾದ ಬೇಟೆ ಕಚ್ಚಿದರೆ ಹರಿಯುತ್ತದೆ. ಪ್ಲಾಸ್ಟಿಕ್ ಚೆಂಡು ಎಷ್ಟು ಕಚ್ಚಿದರೂ ಹಾಗೆಯೇ ಇರುತ್ತದೆ. ಕಾಗದ ಹರಿಯುತ್ತದೆ, ಸದ್ದು ಮಾಡುತ್ತದೆ, ಪ್ರತಿ ಸಲ ಆಕಾರ ಬದಲಿಸುತ್ತದೆ. ಅದಕ್ಕೇ ಅವಳಿಗೆ ಅದು ಇಷ್ಟ ಎಂಬುದು ನನ್ನ ಬಲವಾದ ನಂಬಿಕೆ.

ಈಗ ಆಟಿಕೆಗಳನ್ನು ಬಚ್ಚಿಟ್ಟು ಸರದಿಯ ಮೇಲೆ ಹೊರತೆಗೆಯುತ್ತೇನೆ. ಲೇಸರ್ ಬೆಳಕಿನ ಆಟ ಪೂರ್ತಿ ನಿಲ್ಲಿಸಿದ್ದೇನೆ: ಅದರಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ, ಆಟ ಮುಗಿದ ಮೇಲೂ ಅವಳು ಗೋಡೆಯನ್ನೇ ನೋಡುತ್ತ ಕೂರುತ್ತಿದ್ದಳು. ದಾರ, ರಬ್ಬರ್ ಬ್ಯಾಂಡ್ ಅವಳ ಕೈಗೆಟುಕದಂತೆ ಇಡುತ್ತೇನೆ; ನುಂಗಿದರೆ ಕರುಳಿಗೆ ಅಪಾಯ. ಕೊನೆಯ ಉಂಡೆಯನ್ನು ಅವಳೇ ಹಿಡಿದು ಹರಿಯಲು ಬಿಟ್ಟು, ಚೂರುಗಳನ್ನು ಎತ್ತಿ, ಕೂಡಲೇ ಊಟ ಹಾಕುತ್ತೇನೆ. ಕರೆದರೂ ಕಿವಿಗೊಡದೆ ತನ್ನ ಬಾಲವನ್ನೇ ಅಟ್ಟುವುದೋ, ಕೂದಲು ಉದುರುವಷ್ಟು ನೆಕ್ಕಿಕೊಳ್ಳುವುದೋ ಕಂಡರೆ ಅದು ಆಟವಲ್ಲ, ಪಶುವೈದ್ಯರಿಗೆ ತೋರಿಸಬೇಕು.

ಉಂಡೆಯನ್ನು ಡ್ರಾಯರಿನಿಂದ ತೆಗೆಯುವುದನ್ನು ಅವಳು ಒಮ್ಮೆ ನೋಡಿಬಿಟ್ಟಳು. ಅಂದಿನಿಂದ ರಾತ್ರಿ ಒಂಬತ್ತಾದರೆ ಕಪಾಟಿನ ಬಳಿ ಹೋಗುವುದಿಲ್ಲ. ಡ್ರಾಯರಿನ ಕೆಳಗೆ ಬಂದು ಕೂರುತ್ತಾಳೆ.