ಮೈದನಹಳ್ಳಿ ಬಯಲಿನ ದಾಖಲೆಗಳನ್ನು ನಾನು ಓದಿದ್ದು ಹೀಗೆ

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಯಲಿಗೆ ಕೃಷ್ಣಮೃಗ ನೋಡಲು ತುಂಬಾ ಜನ ಬರುತ್ತಾರೆ. 2007ರಲ್ಲಿ ಅದು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಆಯಿತು. ಸುಮಾರು 798 ಎಕರೆ. ಇಷ್ಟು ಜಾಗವನ್ನು ಉಳಿಸಿದ ಕಾಗದಗಳು ನಮ್ಮ ಊರಿನವರ ಕೈಯಲ್ಲೂ ಇರಬೇಕು ಅನ್ನಿಸಿತು. ಹುಡುಕಲು ಶುರು ಮಾಡಿದೆ.

ಮೊದಲು ಕಾಯ್ದೆ ಓದಿಕೊಂಡೆ. ಅದು ಗೊತ್ತಿಲ್ಲದಿದ್ದರೆ ಯಾವ ಕಡತ ಕೇಳಬೇಕು ಅನ್ನೋದೇ ತಿಳಿಯುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಭಯಾರಣ್ಯಕ್ಕೆ 18ನೇ ಸೆಕ್ಷನ್, ರಾಷ್ಟ್ರೀಯ ಉದ್ಯಾನಕ್ಕೆ 35. ರಾಷ್ಟ್ರೀಯ ಉದ್ಯಾನದೊಳಗೆ ದನ ಮೇಯಿಸುವಂತಿಲ್ಲ. ಸಂರಕ್ಷಣಾ ಮೀಸಲು ಬರುವುದು 36-ಎ ಅಡಿಯಲ್ಲಿ. ಅದನ್ನು 2002ರ ತಿದ್ದುಪಡಿಯಲ್ಲಿ ಸೇರಿಸಿದರು. ಜಾಗ ಸರ್ಕಾರದ್ದೇ ಆಗಿರಬೇಕು, ಸುತ್ತಲಿನ ಜನರ ಜೊತೆ ಮಾತಾಡಿದ ಮೇಲೆ ಘೋಷಿಸಬೇಕು. ಕುರಿ, ದನ ಸಾಕುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಹಾಗಾಗಿ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಅಧಿಸೂಚನೆ ಒಂದನ್ನೇ ಕೇಳಬೇಡಿ. ಗ್ರಾಮಸ್ಥರ ಜೊತೆ ನಡೆದ ಸಭೆಯ ನಡಾವಳಿ, ನಕ್ಷೆ, ಸರ್ವೆ ನಂಬರುಗಳ ಪಟ್ಟಿ, ಹೀಗೆ ಒಂದೊಂದನ್ನೂ ಹೆಸರಿಸಿ ಬರೆಯಿರಿ. ಶುಲ್ಕ 10 ರೂಪಾಯಿ. ಕಡತವನ್ನು ಕೂತು ನೋಡಲು ಅವಕಾಶ ಕೊಡಿ ಅಂತಲೂ ಸೇರಿಸಿ. ಒಂದು ತೀರ್ಮಾನ ಯಾಕಾಯಿತು ಅನ್ನೋದು ಅಧಿಕಾರಿಗಳು ಕಡತದಲ್ಲಿ ಬರೆದಿಡುವ ಟಿಪ್ಪಣಿ ಹಾಳೆಗಳಲ್ಲೇ ಸಿಗುತ್ತದೆ, ಆದೇಶದಲ್ಲಿ ಅಲ್ಲ.

ಇಂಥ ಅಧಿಸೂಚನೆಯಲ್ಲಿ ನಾನು ಜಾಸ್ತಿ ಹೊತ್ತು ಕೂರುವುದು ಚಕ್ಕುಬಂದಿಯ ಮೇಲೆ, ಅಂದರೆ ನಾಲ್ಕು ದಿಕ್ಕಿನ ಗಡಿ ಹೇಳುವ ಭಾಗದ ಮೇಲೆ. ಸುಮ್ನೆ ಓದಿದರೆ ಅದು ತಲೆಗೆ ಹತ್ತುವುದಿಲ್ಲ. ಅಕ್ಕಪಕ್ಕದ ಊರುಗಳ ಗ್ರಾಮ ನಕ್ಷೆಗಳನ್ನು ಸರ್ವೆ ಇಲಾಖೆಯ ವೆಬ್‌ಸೈಟಿನಿಂದ ಇಳಿಸಿಕೊಂಡು, ಅಂಚಿಗೆ ಅಂಚು ಕೂಡಿಸಿ ನೆಲದ ಮೇಲೆ ಹರಡುತ್ತೇನೆ. ನಾಲ್ಕು ದಿಕ್ಕಿನ ವಿವರ ಓದುತ್ತಾ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತೇನೆ. ಪಟ್ಟಿಯಲ್ಲಿರುವ ಪ್ರತಿ ಸರ್ವೆ ನಂಬರಿನ ಪಹಣಿ ತೆಗೆದು ವಿಸ್ತೀರ್ಣ ಕೂಡುತ್ತೇನೆ. 40 ಗುಂಟೆಗೆ ಒಂದು ಎಕರೆ, ಅದನ್ನು ಮರೆತು ದಶಮಾಂಶದ ಹಾಗೆ ಕೂಡಿದರೆ ಲೆಕ್ಕ ಕೆಡುತ್ತದೆ. ಆಮೇಲೆ ಊರಿನ ಹಿರಿಯರನ್ನು ಕರೆದುಕೊಂಡು ಗಡಿಯ ಹೊರಗಿನ ದಾರಿಯಲ್ಲಿ ನಡೆಯುತ್ತೇನೆ. ನಿಂತ ಜಾಗದ ಸರ್ವೆ ನಂಬರನ್ನು ಮೊಬೈಲಿನ ದಿಶಾಂಕ್ ಆ್ಯಪ್ ತೋರಿಸುತ್ತದೆ. ಆದರೆ ಗಡಿಯ ವಿಷಯದಲ್ಲಿ ನಾನು ನಂಬುವುದು ಸರ್ವೆ ಕಲ್ಲನ್ನು. ಕಲ್ಲು ಎಲ್ಲಿತ್ತು, ಹಳ್ಳ ಯಾವ ಕಡೆ ಹರಿಯುತ್ತಿತ್ತು ಅನ್ನೋದು ಹಿರಿಯರಿಗೆ ಬಾಯಲ್ಲೇ ಇರುತ್ತದೆ.

ಇನ್ನೂ ಹಳೆಯ ಕಾಗದ ಬೇಕಿದ್ದರೆ ಬೆಂಗಳೂರಿನ ವಿಕಾಸಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಅಲ್ಲಿ ಅರಣ್ಯ ಅಂತ ಮಾತ್ರ ಹುಡುಕಿದರೆ ಸಾಲದು. ನಮ್ಮ ಕಡೆಯ ಹುಲ್ಲುಗಾವಲುಗಳ ಸುದ್ದಿ ಅಮೃತ್ ಮಹಲ್ ಕಾವಲುಗಳ ಕಾಗದಗಳಲ್ಲೂ ಇರುತ್ತದೆ. ಮೈಸೂರು ಅರಸರು ರಾಸುಗಳಿಗೆ ಅಂತ ಕಾಯ್ದ ಹುಲ್ಲಿನಲ್ಲಿ ಜಿಂಕೆಯೂ ಬದುಕಿತು, ಅಲ್ವಾ? ಮರ ಇದ್ದರೆ ಮಾತ್ರ ಕಾಡು ಅನ್ನುವವರಿಗೆ ಈ ದಾಖಲೆಗಳನ್ನು ತೋರಿಸಬೇಕು. ಕೃಷ್ಣಮೃಗಕ್ಕೆ ಬಯಲೇ ಬೇಕು.

ಸಿಕ್ಕ ಪ್ರತಿಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಒಂದು ಜೊತೆಯನ್ನು ಗ್ರಾಮ ಪಂಚಾಯ್ತಿ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಗಡಿ ಗೆರೆ ಎಳೆದ ನಕ್ಷೆಯೂ ಅದರಲ್ಲಿದೆ.